ಕ್ಯಾಪ್ಟನ್ ಊಟ ಎಲ್ಲಿ ಮಾಡುತ್ತಾರೆ?

(ಬೆಂಗಳೂರಿನ ಜಯನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ)

ಹಡಗಿನಲ್ಲಿ ಕೆಲಸ ಮಾಡುತ್ತಿದ್ದೆ ಅಂದ ತಕ್ಷಣ ನಮ್ಮ ಊರಿನಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, ‘ವಾಂತಿ ಆಗಲ್ವಾ?’ ಇನ್ನೊಂದು, ‘ಕ್ಯಾಪ್ಟನ್ ಮಾತಾಡಿಸ್ತಾರಾ?’ ಮೊದಲನೆಯದಕ್ಕೆ ಉತ್ತರ ಸುಲಭ. ಆಗುತ್ತದೆ, ನನಗೆ ಮೂರು ದಿನ ಆಯ್ತು, ಆಮೇಲೆ ಅಭ್ಯಾಸವಾಯ್ತು. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಇವತ್ತಿನ ಮಾತೆಲ್ಲ ಅದರದ್ದೇ.

ಬೆಂಗಳೂರಿಗೂ ಸಮುದ್ರಕ್ಕೂ ಎಲ್ಲಿಯ ನಂಟು ಅಂತ ನೀವು ಕೇಳಬಹುದು. ಈ ಕಡೆ ಚೆನ್ನೈಗೆ 350 ಕಿಲೋಮೀಟರ್, ಆ ಕಡೆ ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ. ಆದರೂ ಈಗ ‘ಕ್ರೂಸ್ ಹೋಗಿಬಂದವರು ಕೈ ಎತ್ತಿ’ ಅಂದಾಗ ಹತ್ತು ಕೈ ಮೇಲೆ ಬಂದವು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಅನ್ನುವ ಕ್ರೂಸ್ ಕಂಪನಿಯವರು ಮುಂಬೈಯಿಂದ ಎಂಪ್ರೆಸ್ ಹಡಗು ಬಿಡಲು ಶುರು ಮಾಡಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕು ಕುಟುಂಬ ಹೋಗಿಬಂದಿವೆ. ಆ ಹಡಗು ಹೊಸದಲ್ಲ. 1990ರದ್ದು, ಮೊದಲು ರಾಯಲ್ ಕೆರಿಬಿಯನ್‌ನವರ ಬಳಿ ಇತ್ತು. ಬಣ್ಣ ಬದಲಾಗಿದೆ, ಅಷ್ಟೇ.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕ್ಯಾಬಿನ್ ಸ್ಟೀವರ್ಡ್ ಆಗಿ ಸೇರಿದೆ. ಅಂದರೆ ಹಾಸಿಗೆ ಹಾಸುವುದು, ಬಾತ್‌ರೂಮ್ ತೊಳೆಯುವುದು, ಟವೆಲಿನಲ್ಲಿ ಆನೆ ಮಾಡಿಡುವುದು. ಕೊನೆಯ ವರ್ಷಗಳಲ್ಲಿ ಗೆಸ್ಟ್ ಸರ್ವಿಸಸ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಅದು ಬೈಸಿಕೊಳ್ಳುವ ಕೌಂಟರ್. ಹಾಗಾಗಿ ಹಿರಿಯ ಅಧಿಕಾರಿಗಳನ್ನು ಕೆಳಗಿನಿಂದಲೂ ನೋಡಿದ್ದೇನೆ, ಪಕ್ಕದಿಂದಲೂ ನೋಡಿದ್ದೇನೆ.

ಮೊದಲು ಹೆಗಲ ಮೇಲಿನ ಪಟ್ಟಿಗಳ ವಿಷಯ. ನಾಲ್ಕು ಪಟ್ಟಿ ಇದ್ದರೆ ಕ್ಯಾಪ್ಟನ್ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅವರ ಜೊತೆ ಫೋಟೋ ತೆಗೆಸಿಕೊಂಡು ಮನೆಗೆ ಕಳಿಸುತ್ತಾರೆ. ಆಮೇಲೆ ನೋಡಿದರೆ ಅವರು ಚೀಫ್ ಇಂಜಿನಿಯರ್ ಆಗಿರುತ್ತಾರೆ! ದೊಡ್ಡ ಹಡಗಿನಲ್ಲಿ ಅವರಿಗೂ ನಾಲ್ಕು ಪಟ್ಟಿ. ಎಷ್ಟೋ ಕಂಪನಿಗಳಲ್ಲಿ ಹೋಟೆಲ್ ಡೈರೆಕ್ಟರ್‌ಗೂ ನಾಲ್ಕು. ಡಾಕ್ಟರ್ ಆದರೆ ಪಟ್ಟಿಗಳ ನಡುವೆ ಕೆಂಪು ಬಣ್ಣ. ಬ್ರಿಟಿಷ್ ಪದ್ಧತಿಯ ಹಡಗಿನಲ್ಲಿ ಇಂಜಿನಿಯರ್‌ಗೆ ನೇರಳೆ.

ಕ್ಯಾಪ್ಟನ್ ಕೈಕೆಳಗೆ ಸ್ಟಾಫ್ ಕ್ಯಾಪ್ಟನ್. ಶಿಸ್ತು, ಸುರಕ್ಷತೆ ಅವರ ಜವಾಬ್ದಾರಿ. ಕೂಡು ಕುಟುಂಬದಲ್ಲಿ ದೊಡ್ಡಪ್ಪ ನಗುನಗುತ್ತಾ ಇರುತ್ತಾರೆ, ಬೈಯುವ ಕೆಲಸ ಚಿಕ್ಕಪ್ಪನ ಪಾಲಿಗೆ ಬರುತ್ತೆ ಅಲ್ವಾ, ಹಾಗೆ. ಕ್ರೂಸ್ ಡೈರೆಕ್ಟರ್ ಅಂದರೆ ಬೆಳಿಗ್ಗೆ ಮೈಕಿನಲ್ಲಿ ಗುಡ್ ಮಾರ್ನಿಂಗ್ ಅನ್ನುವವರು. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ನಿರೂಪಕರ ಥರ, ಆದರೆ ವಾರವಿಡೀ ಬಿಡುವಿಲ್ಲ. ಹೋಟೆಲ್ ಡೈರೆಕ್ಟರನ್ನು ಪ್ರಯಾಣಿಕರು ಗುರುತಿಸುವುದೇ ಇಲ್ಲ. ಅಡುಗೆ, ಊಟದ ಸಾಲು, ಕ್ಯಾಬಿನ್, ಬಾರ್, ಲಾಂಡ್ರಿ, ನನ್ನ ಡೆಸ್ಕ್, ಎಲ್ಲ ಅವರ ಕೆಳಗೆ. ಹಡಗಿನ ಸಿಬ್ಬಂದಿಯಲ್ಲಿ ಹತ್ತಕ್ಕೆ ಎಂಟು ಜನ ಇವರ ಕಡೆಯವರೇ ಅಂದರೂ ತಪ್ಪಿಲ್ಲ. ನಿಮ್ಮ ರಜೆ ಚೆನ್ನಾಗಿತ್ತೋ ಇಲ್ಲವೋ ಅನ್ನುವುದು ಕ್ಯಾಪ್ಟನ್‌ಗಿಂತ ಜಾಸ್ತಿ ಇವರ ಕೈಲಿರುತ್ತದೆ.

ಹೇಗೆ ಅಂತ ಹೇಳುವ ಮುಂಚೆ ಒಂದು ಕಲ್ಯಾಣ ಮಂಟಪ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಒಬ್ಬರ ಮುಹೂರ್ತ, ಸಂಜೆ ಇನ್ನೊಬ್ಬರ ಆರತಕ್ಷತೆ. ಮಧ್ಯಾಹ್ನ ಮೂರಕ್ಕೆ ಮೊದಲನೆಯವರು ಖಾಲಿ ಮಾಡಬೇಕು. ಒಬ್ಬರ ಹೂವಿನ ಕಸ ಇನ್ನೂ ಗುಡಿಸಿರುವುದಿಲ್ಲ, ಇನ್ನೊಬ್ಬರ ಸ್ಟೇಜ್‌ನವರು ಏಣಿ ಹೊತ್ತುಕೊಂಡು ಬಂದಿರುತ್ತಾರೆ. ಹಡಗಿನಲ್ಲಿ ಪ್ರಯಾಣ ಮುಗಿದು ಹೊಸದು ಶುರುವಾಗುವ ದಿನ ಹೀಗೇ ಇರುತ್ತದೆ. ಬೆಳಿಗ್ಗೆ ಆರಕ್ಕೋ ಏಳಕ್ಕೋ ದಡ ಸೇರುತ್ತೇವೆ. ಹತ್ತರ ಹೊತ್ತಿಗೆ 3000 ಜನ ಇಳಿದಿರಬೇಕು. ಹನ್ನೊಂದೂವರೆಗೆ ಹೊಸ 3000 ಜನ ಹತ್ತಲು ಶುರು. ಸಂಜೆ ನಾಲ್ಕೈದಕ್ಕೆ ಹೊರಡಬೇಕು. ನಡುವೆ ಒಂದೊಂದು ಕ್ಯಾಬಿನ್ನೂ ತೊಳೆದು, ಹಾಸಿ, ಇಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ ಆಗಬೇಕು.

ಆ ದಿನ ನೀವು ಖುಷಿಯಾಗಿ ಒಳಗೆ ಬರುತ್ತೀರಿ. ಬಾಗಿಲಲ್ಲಿ ಒಬ್ಬ ಹುಡುಗ ನಗುತ್ತಾ ಸ್ಯಾನಿಟೈಸರ್ ಹಾಕುತ್ತಾನೆ. ಅವನು ಬೆಳಗಿನ ನಾಲ್ಕೂವರೆಗೆ ಎದ್ದವನು. ಹಿಂದಿನ ರಾತ್ರಿ ಸೂಟ್‌ಕೇಸ್ ಹೊತ್ತವನು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಡಗಿನ ನೌಕರನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. 2013ರಲ್ಲಿ ಜಾರಿಗೆ ಬಂದ ಕಾಯ್ದೆ ಅದು. ಕಾಗದದಲ್ಲಿ ಯಾವಾಗಲೂ ಸರಿಯಾಗಿಯೇ ಇರುತ್ತದೆ. ನಿಜವಾಗಿ ಸಿಗುತ್ತದೋ ಇಲ್ಲವೋ ಅನ್ನುವುದು ಡ್ಯೂಟಿ ಪಟ್ಟಿ ಬರೆಯುವ ಮೇಲಿನವರಿಗೆ ಬಿಟ್ಟಿದ್ದು. ನಾನು ಕಂಡ ಒಬ್ಬರು ಚೀಫ್ ಹೌಸ್‌ಕೀಪರ್, ಒಬ್ಬ ಹೆಂಗಸು, ಹೊಸ ಪ್ರಯಾಣ ಶುರುವಾಗುವ ಹಿಂದಿನ ದಿನ ಪ್ರಯಾಣಿಕರ ಕ್ಯಾಬಿನ್ ಪರೀಕ್ಷೆ ಮಾಡುತ್ತಿರಲಿಲ್ಲ. ಕೆಳಗಿಳಿದು ಹುಡುಗರ ಕ್ಯಾಬಿನ್‌ಗಳಲ್ಲಿ ಎಸಿ ಕೆಲಸ ಮಾಡುತ್ತಿದೆಯಾ ಅಂತ ನೋಡುತ್ತಿದ್ದರು. ಕೈ ಮೇಲೆತ್ತಿ ಗಾಳಿ ಬರುವ ತೂತಿನ ಹತ್ತಿರ ಹಿಡಿಯುವರು. ಬಿಸಿ ಗಾಳಿ ಬಂದರೆ ಅಲ್ಲಿಂದಲೇ ಇಂಜಿನ್ ವಿಭಾಗಕ್ಕೆ ಫೋನು. ಮೊದಮೊದಲು ನಮಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯ್ತು, ಸೆಕೆಗೆ ನಿದ್ದೆಗೆಟ್ಟವನು ಹದಿನೆಂಟನೇ ಕ್ಯಾಬಿನ್ ಹೊತ್ತಿಗೆ ಹಾಸಿಗೆ ಕೆಳಗೆ ಬಗ್ಗಿ ನೋಡುವುದನ್ನು ಬಿಟ್ಟುಬಿಡುತ್ತಾನೆ. ಅಲ್ಲಿ ಹಿಂದಿನವರ ಕಾಲುಚೀಲ ಬಿದ್ದಿರುತ್ತದೆ. ಅದನ್ನು ಹಿಡಿದುಕೊಂಡು ನೀವು ನನ್ನ ಡೆಸ್ಕಿಗೆ ಬರುತ್ತೀರಿ.

ಪ್ರಯಾಣಿಕರ ಕಡೆ ಕಾರ್ಪೆಟ್, ಹಿತ್ತಾಳೆಯ ಕಂಬಿ, ಪಿಯಾನೋ. ‘ಸಿಬ್ಬಂದಿಗೆ ಮಾತ್ರ’ ಅನ್ನುವ ಬಾಗಿಲು ತಳ್ಳಿದರೆ ಲೋಕವೇ ಬೇರೆ. ಬಿಳಿ ತಗಡಿನ ಗೋಡೆ, ತಲೆ ಮೇಲೆ ಪೈಪುಗಳು, ಟ್ರಾಲಿಗಳ ಸದ್ದು. ಹಡಗಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದ ದಾರಿ. ಅಮೆರಿಕದ ಕಂಪನಿಗಳಲ್ಲಿ ಇದಕ್ಕೆ ಐ-95 ಅನ್ನುತ್ತಾರೆ, ಅಲ್ಲಿಯ ಒಂದು ಹೆದ್ದಾರಿಯ ಹೆಸರು. ಬ್ರಿಟಿಷ್ ಹಡಗಿನಲ್ಲಿ ಬರ್ಮಾ ರೋಡ್ ಅಂತ ಕರೆಯುವುದುಂಟು. ನಾವು ನಾಲ್ಕೈದು ಜನ ಕನ್ನಡದವರು ಮೆಜೆಸ್ಟಿಕ್ ಅನ್ನುತ್ತಿದ್ದೆವು. ‘ಡ್ಯೂಟಿ ಮುಗಿಸಿ ಮೆಜೆಸ್ಟಿಕ್‌ಗೆ ಬಾರೋ, ಊಟಕ್ಕೆ ಹೋಗೋಣ’ ಅಂತ.

ಈ ಮೆಜೆಸ್ಟಿಕ್‌ನ ಮಗ್ಗುಲಲ್ಲೇ ಕ್ರೂ ಮೆಸ್, ಅಂದರೆ ಸಿಬ್ಬಂದಿಯ ಊಟದ ಮನೆ. ಕ್ಯಾಪ್ಟನ್‌ಗೆ ಅಲ್ಲಿ ಊಟ ಮಾಡುವ ಅಗತ್ಯ ಇಲ್ಲ. ಅಧಿಕಾರಿಗಳಿಗೆ ಬೇರೆ ಮೆಸ್ ಇದೆ, ಪ್ರಯಾಣಿಕರ ರೆಸ್ಟೋರೆಂಟಿಗೂ ಅವರು ಹೋಗಬಹುದು. ಎಲ್ಲರೂ ಕೋಟು, ಸೀರೆ ಹಾಕಿಕೊಂಡು ಬರುವ ಫಾರ್ಮಲ್ ನೈಟ್ ದಿನ, ಕ್ಯಾಪ್ಟನ್ ಆಯ್ದ ಪ್ರಯಾಣಿಕರ ಜೊತೆ ಕೂತು ಊಟ ಮಾಡುವ ಕ್ಯಾಪ್ಟನ್ಸ್ ಟೇಬಲ್ ಅಂತ ನಡೆಯುತ್ತದಲ್ಲ, ಅದು ನೋಡಲು ಚೆಂದ. ನನಗೆ ಮಾತ್ರ ಯಾವ ಹೊಸ ಅಧಿಕಾರಿ ಬಂದರೂ ಅವರು ಮೊದಲ ವಾರ ಎಲ್ಲಿ ಊಟ ಮಾಡುತ್ತಾರೆ ಅಂತ ನೋಡುವ ಚಟ.

ನಾನು ಕೆಲಸ ಮಾಡಿದ ಒಂದು ಹಡಗಿನಲ್ಲಿ ಮೆಸ್ಸಿನ ಅನ್ನ ಕೆಟ್ಟದಾಗಿರುತ್ತಿತ್ತು. ಹಳಸಿದ್ದಲ್ಲ, ಅಂಟು ಅಂಟು. ಚಮಚದಲ್ಲಿ ಎತ್ತಿದರೆ ಮುದ್ದೆಯ ಹಾಗೆ ಇಡಿಯಾಗಿ ಏಳುತ್ತಿತ್ತು. ಮುದ್ದೆಯಾಗಿದ್ದರೆ ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ! ಫಿಲಿಪೀನ್ಸ್‌ನವರು, ಇಂಡೋನೇಷ್ಯಾದವರು, ನಾವು, ಎಲ್ಲರೂ ಅನ್ನ ತಿನ್ನುವವರೇ. ಎಲ್ಲರಿಗೂ ಅದೇ ಗೋಳು. ದೂರು ಕೊಟ್ಟರೆ ‘ಬಜೆಟ್’ ಅನ್ನುತ್ತಿದ್ದರು. ಎಂಟು ತಿಂಗಳ ಕಾಂಟ್ರಾಕ್ಟಿನಲ್ಲಿ ದಿನಕ್ಕೆರಡು ಸಲ ಆ ಅನ್ನ. ಹೇಳಿಕೊಳ್ಳಲು ಚಿಕ್ಕ ವಿಷಯ. ಆದರೆ ಮೆಸ್ಸಿನಿಂದ ಎದ್ದು ಬಂದವನ ಮುಖ ನೋಡಿದರೆ ಸಾಕಿತ್ತು. ಅದೇ ಮುಖ ಹತ್ತು ನಿಮಿಷಕ್ಕೆ ಮೇಲೆ ಹೋಗಿ ‘ವೆಲ್‌ಕಮ್’ ಅನ್ನಬೇಕು.

ಆಗ ಹೊಸ ಹೋಟೆಲ್ ಡೈರೆಕ್ಟರ್ ಬಂದರು. ಮಾತು ಕಡಿಮೆ. ಮೂರು ದಿನ ಸತತವಾಗಿ ತಟ್ಟೆ ಹಿಡಿದು ನಮ್ಮ ಸಾಲಿನಲ್ಲಿ ನಿಂತರು. ಯಾರ ಹತ್ತಿರವೂ ಏನೂ ಕೇಳಲಿಲ್ಲ. ಸುಮ್ನೆ ತಿಂದು ಹೋದರು. ನಾಲ್ಕನೇ ದಿನ ಎಕ್ಸಿಕ್ಯುಟಿವ್ ಶೆಫ್ ಅವರನ್ನೂ ಕರೆದುಕೊಂಡು ಬಂದು ಎದುರು ಕೂರಿಸಿಕೊಂಡರು. ಅವರಿಗೂ ಒಂದು ತಟ್ಟೆ. ಮುಂದಿನ ಬಂದರಿನಲ್ಲಿ ಬೇರೆ ಅಕ್ಕಿ ಬಂತು. ಜೊತೆಗೆ ಒಂದು ದೊಡ್ಡ ರೈಸ್ ಕುಕ್ಕರ್. ಆ ವಾರ ನನ್ನ ಡೆಸ್ಕಿನ ಹುಡುಗಿಯರು ಕೂಡ ಹಾಡು ಗುನುಗುತ್ತಿದ್ದರು. ಅಕ್ಕಿಯಿಂದಲೇನಾ ಅಂತ ನೀವು ನಗಬಹುದು. ಅಕ್ಕಿಯಿಂದಲೇ.

ಇದರ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಪ್ರಯಾಣ ಮುಗಿದ ಮೇಲೆ ನಿಮಗೆ ಒಂದು ಸರ್ವೆ ಬರುತ್ತದೆ, ಹತ್ತಕ್ಕೆ ಎಷ್ಟು ಅಂಕ ಅಂತ. ನಿಮಗೆ ಅದು ಎರಡು ನಿಮಿಷದ ಕೆಲಸ. ಹಡಗಿನಲ್ಲಿ ಅದು ಜಾತಕ ಇದ್ದ ಹಾಗೆ. ಅಂಕ ಇಳಿದರೆ ವಿಭಾಗದ ಮುಖ್ಯಸ್ಥರನ್ನು ಕೇಳುತ್ತಾರೆ, ಅವರು ಕೆಳಗಿನವರ ಮೇಲೆ ಬೀಳುತ್ತಾರೆ. ಕೆಲವರು ‘ಒಂಬತ್ತು ಬಂದರೆ ನಿಮ್ಮ ತಪ್ಪು’ ಅಂತ ಬೆದರಿಸುತ್ತಾರೆ. ಆಗ ಏನಾಗುತ್ತೆ ಗೊತ್ತಾ? ಕೊನೆಯ ರಾತ್ರಿ ವೇಟರ್ ನಿಮ್ಮ ಮೇಜಿನ ಹತ್ತಿರ ಬಂದು ‘ದಯವಿಟ್ಟು ಹತ್ತು ಕೊಡಿ’ ಅಂತ ಬೇಡುತ್ತಾನೆ. ವಾರವಿಡೀ ಚೆನ್ನಾಗಿ ನೋಡಿಕೊಂಡವನು ಒಂದೇ ಮಾತಿನಲ್ಲಿ ಎಲ್ಲ ಹಾಳು ಮಾಡಿಕೊಳ್ಳುತ್ತಾನೆ. ನಿಮಗೆ ಮುಜುಗರ, ಅವನಿಗೆ ಅವಮಾನ. ಬೇಡಿಸಿದವರು ಮೇಲೆ ಆಫೀಸಿನಲ್ಲಿ ಕೂತಿರುತ್ತಾರೆ. ಇವತ್ತು ನಮ್ಮ ಆಟೋ, ಡೆಲಿವರಿ ಹುಡುಗರ ಕತೆಯೂ ಇದೇ ಆಗಿದೆ. ಇರಲಿ, ಅದು ಬೇರೆ ದಿನದ ಮಾತು.

ಎಲ್ಲ ಸರಿಯಿದ್ದಾಗ ಯಾವ ಅಧಿಕಾರಿಯಾದರೂ ಒಳ್ಳೆಯವರೇ. ಬಂದರು ತಪ್ಪಿದ ದಿನ ಒಬ್ಬೊಬ್ಬರದ್ದೂ ಗೊತ್ತಾಗುತ್ತದೆ. ಗಾಳಿ ಜಾಸ್ತಿ ಆಯ್ತು, ಇವತ್ತಿನ ದ್ವೀಪಕ್ಕೆ ಹೋಗಲು ಆಗುವುದಿಲ್ಲ. ಜನ ವರ್ಷದಿಂದ ಕನಸು ಕಂಡಿರುತ್ತಾರೆ. ಒಬ್ಬ ಕ್ಯಾಪ್ಟನ್ ಒಂಬತ್ತೂವರೆಗೆ ಮೈಕಿನಲ್ಲಿ ‘ಅನಿವಾರ್ಯ ಕಾರಣಗಳಿಂದ’ ಅಂತ ಒಂದೇ ವಾಕ್ಯ ಹೇಳಿ ಮುಗಿಸಿದರು. ಅಷ್ಟು ಹೊತ್ತಿಗೆ ಜನ ಟೋಪಿ ಹಾಕಿ, ಸನ್‌ಸ್ಕ್ರೀನ್ ಬಳಿದು, ಮಕ್ಕಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹತ್ತು ನಿಮಿಷದಲ್ಲಿ ನನ್ನ ಡೆಸ್ಕಿನ ಮುಂದೆ ಕ್ಯೂ. ಮೆಟ್ಟಿಲು ಹತ್ತಿ ಮೇಲಿನ ಡೆಕ್‌ವರೆಗೆ ಹೋಗಿತ್ತು. ನಮಗೂ ಕಾರಣ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳುವ ಹಾಗೂ ಇಲ್ಲ. ಇಂಜಿನ್ ಕೆಟ್ಟಿದೆ, ಯಾರೋ ಸತ್ತಿದ್ದಾರೆ, ದುಡ್ಡು ಉಳಿಸಲು ಹೀಗೆ ಮಾಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಇಂಥ ಹತ್ತಾರು ಸುದ್ದಿ.

ಇನ್ನೂ ಒಂದು ವಿಷಯ ಪ್ರಯಾಣಿಕರಿಗೆ ಕಾಣುವುದಿಲ್ಲ. ಬಂದರಿನ ದಿನ ಅರ್ಧಕ್ಕಿಂತ ಜಾಸ್ತಿ ಜನ ಹೊರಗೆ ಊಟ ಮಾಡುತ್ತಾರೆ ಅಂತ ಅಡುಗೆಮನೆಯವರು ಲೆಕ್ಕ ಹಾಕಿರುತ್ತಾರೆ. ಬಂದರು ತಪ್ಪಿದರೆ ಮಧ್ಯಾಹ್ನ ಎಲ್ಲರೂ ಒಳಗೇ. ಫ್ರೀಜರ್‌ನಿಂದ ತೆಗೆದ ಕೋಳಿ ಕರಗಲು ಸಮಯ ಬೇಕು. ಬಂಡೆಯ ಹಾಗಿರುವುದನ್ನು ಬಾಣಲೆಗೆ ಹಾಕಲು ಆಗುತ್ತಾ? ಕ್ಯಾಪ್ಟನ್ ಒಂಬತ್ತೂವರೆಗೆ ಹೇಳಿದ್ದು ಶೆಫ್‌ಗೂ ಆಗಲೇ ಗೊತ್ತಾಗಿದ್ದು. ಆ ದಿನ ಒಂದು ಗಂಟೆಗೆ ಬಫೆ ಖಾಲಿ ಟ್ರೇಗಳ ಪ್ರದರ್ಶನ.

ಇನ್ನೊಬ್ಬ ಕ್ಯಾಪ್ಟನ್ ಇದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಹವಾಮಾನದ ವರದಿ ನೋಡಿ ಅನುಮಾನ ಬಂದ ಕೂಡಲೇ ಹೋಟೆಲ್ ಡೈರೆಕ್ಟರನ್ನು ಎಬ್ಬಿಸಿದರು. ‘ಇನ್ನೂ ಖಚಿತ ಇಲ್ಲ, ಆದರೆ ತಯಾರಿರಿ’ ಅಂದರು. ಅವರು ಶೆಫ್‌ನ ಎಬ್ಬಿಸಿದರು, ಕ್ರೂಸ್ ಡೈರೆಕ್ಟರನ್ನ ಎಬ್ಬಿಸಿದರು, ನನ್ನನ್ನೂ ಎಬ್ಬಿಸಿದರು. ಎಂಟಕ್ಕೆ ಪ್ರಕಟಣೆ ಬಂತು. ಗಾಳಿ 40 ನಾಟ್, ಅಂದರೆ ಗಂಟೆಗೆ ಸುಮಾರು 75 ಕಿಲೋಮೀಟರ್ ಇದೆ, ಬಂದರಿನ ಬಾಯಿ ಕಿರಿದು, ಒಳಗೆ ಹೋದರೂ ಸಂಜೆ ಹೊರಗೆ ಬರಲು ಆಗದೆ ಇರಬಹುದು, ಆದ್ದರಿಂದ ಹೋಗುತ್ತಿಲ್ಲ, ನಿರ್ಧಾರ ನನ್ನದು ಅಂದರು. ಆಮೇಲೆ ಯಾವ ದುಡ್ಡು ವಾಪಸ್ ಬರುತ್ತೆ ಅಂತ ಹೇಳಿದರು. ನಮ್ಮ ಮೂಲಕ ಬುಕ್ ಮಾಡಿದ ದ್ವೀಪದ ಪ್ರವಾಸದ ಹಣ ಪೂರ್ತಿ, ಬಂದರಿನ ಶುಲ್ಕ ಸ್ವಲ್ಪ. ಅಷ್ಟೇ. ಅದಕ್ಕಿಂತ ಜಾಸ್ತಿ ಆಸೆ ಹುಟ್ಟಿಸಲಿಲ್ಲ.

ಒಂಬತ್ತಕ್ಕೆ ಅವರೇ ಕೆಳಗೆ ಬಂದರು. ಕೌಂಟರಿನ ಒಳಗೆ ಬರಲಿಲ್ಲ, ಹೊರಗೆ ಜನರ ನಡುವೆ ನಿಂತರು. ಒಬ್ಬ ಯಜಮಾನರು ಬೈನಾಕ್ಯುಲರ್ ಹಿಡಿದುಕೊಂಡು ಬಂದು ಕೂಗಿದರು, ‘ಅಲ್ನೋಡಿ, ಇನ್ನೊಂದು ಹಡಗು ಒಳಗೆ ಹೋಗಿದೆ!’ ನಿಜವಾಗಿಯೂ ಹೋಗಿತ್ತು. ನನಗೆ ಬೆವರು. ಕ್ಯಾಪ್ಟನ್ ಬೈನಾಕ್ಯುಲರ್ ಇಸಕೊಂಡು ನೋಡಿದರು. ಅದು ನಮಗಿಂತ ಚಿಕ್ಕದು, ಎತ್ತರ ಕಡಿಮೆ, ಹಾಗಾಗಿ ಗಾಳಿ ಹಿಡಿಯುವುದೂ ಕಡಿಮೆ ಅಂದರು. ನಮ್ಮದು ಹತ್ತು ಮಹಡಿಗಿಂತ ಜಾಸ್ತಿ ಬಾಲ್ಕನಿ, ಅಷ್ಟೂ ಒಂದು ಹಾಯಿ ಇದ್ದ ಹಾಗೆ ಅಂತ ಕೈಯಲ್ಲಿ ತೋರಿಸಿದರು. ಯಜಮಾನರ ಸಿಟ್ಟು ಪೂರ್ತಿ ಇಳಿಯಲಿಲ್ಲ. ಮೂರು ಪುಟ ದೂರು ಬರೆದೇ ಹೋದರು. ಆದರೆ ಕ್ಯೂ ಕರಗಿತು. ಊಟಕ್ಕೆ ಕೋಳಿಯೂ ಇತ್ತು.

ಅಪಾಯದ ದಿನ ಬಂದರೆ ಇದೇ ವಿಷಯ ಪ್ರಾಣದ ಮಾತಾಗುತ್ತದೆ. ಕೋಸ್ಟಾ ಕಾಂಕಾರ್ಡಿಯಾ ಹಡಗಿನ ಕತೆ ನಿಮಗೆಲ್ಲ ಗೊತ್ತು. 2012ರ ಜನವರಿ 13, ಇಟಲಿಯ ಜಿಲ್ಯೊ ದ್ವೀಪ. ದ್ವೀಪಕ್ಕೆ ‘ಸಲಾಮು’ ಹೊಡೆಯಲು ಹಡಗನ್ನು ತೀರಾ ದಡದ ಹತ್ತಿರ ತಂದರು, ಬಂಡೆಗೆ ಬಡಿಯಿತು. ಪ್ರಯಾಣಿಕರಿಗೆ ಮೊದಲು ಹೇಳಿದ್ದು ಕರೆಂಟ್ ಹೋಗಿದೆ, ಎಲ್ಲ ಹತೋಟಿಯಲ್ಲಿದೆ ಅಂತ. ಹಡಗು ಬಿಡಿ ಅನ್ನುವ ಆದೇಶ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. 32 ಜನ ಸತ್ತರು. ಕೊನೆಯದಾಗಿ ದೇಹ ಸಿಕ್ಕಿದ್ದು ನಮ್ಮ ಮುಂಬೈ ಕಡೆಯ ವೇಟರ್ ರಸೆಲ್ ರೆಬೆಲೊ ಅವರದ್ದು, 2014ರ ನವೆಂಬರಿನಲ್ಲಿ. ಕ್ಯಾಪ್ಟನ್ ಸ್ಕೆಟ್ಟಿನೊಗೆ 16 ವರ್ಷ ಜೈಲು ಆಯ್ತು. ಆ ದಿನವಷ್ಟೇ ಹತ್ತಿದ ನೂರಾರು ಜನರಿಗೆ ಸುರಕ್ಷತೆಯ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಅಂತ ಇತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಬೇಕು. ನೀವು ಹತ್ತಿದ ದಿನ ಏಳು ಚಿಕ್ಕ ಸೈರನ್, ಒಂದು ಉದ್ದ ಸೈರನ್ ಕೇಳಿಸಿಕೊಂಡು ಗೊಣಗುತ್ತೀರಲ್ಲ, ಅದಕ್ಕೆ ಕಾರಣ ಇದು. ಗೊಣಗಿ ಪರವಾಗಿಲ್ಲ, ಹೋಗಿ.

ಅದಕ್ಕೂ ಮುಂಚೆ, 1991ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಹತ್ತಿರ ಓಶಿಯಾನೋಸ್ ಅನ್ನುವ ಹಡಗು ಮುಳುಗಿತು. ಪ್ರಯಾಣಿಕರು ಇನ್ನೂ ಒಳಗಿರುವಾಗಲೇ ಕ್ಯಾಪ್ಟನ್ ಹೆಲಿಕಾಪ್ಟರ್ ಹತ್ತಿಬಿಟ್ಟಿದ್ದರು. ಜನರನ್ನು ದಾಟಿಸಿದ್ದು ಯಾರು? ಕ್ರೂಸ್ ಡೈರೆಕ್ಟರ್ ಲೊರೇನ್ ಬೆಟ್ಸ್, ಗಿಟಾರ್ ನುಡಿಸುವ ಮಾಸ್ ಹಿಲ್ಸ್ ಮತ್ತು ಅವರ ಮನರಂಜನೆಯ ತಂಡ. ಕತ್ತಲಲ್ಲಿ ಹಾಡು ಹೇಳಿ ಜನರನ್ನು ಸಮಾಧಾನ ಮಾಡಿದರು. ಹಡಗು ನಡೆಸುವ ಕೋಣೆ, ಅಂದರೆ ಬ್ರಿಜ್‌ಗೆ ಹೋಗಿ ನೋಡಿದರೆ ಯಾರೂ ಇಲ್ಲ. ರೇಡಿಯೋದಲ್ಲಿ ಸಹಾಯ ಕೇಳಿದ್ದು ಆ ಗಿಟಾರಿನವರೇ. 571 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಹಡಗಿನಲ್ಲಿ ‘ಹಿರಿಯರು’ ಅಂದರೆ ಯಾರು ಅಂತ ಯಾರಾದರೂ ಹೆಗಲ ಮೇಲಿನ ಪಟ್ಟಿ ಎಣಿಸಿ ಹೇಳಿದರೆ ನಾನು ಈ ಕತೆ ಹೇಳುತ್ತೇನೆ.

ಹಾಗಂತ ಕ್ಯಾಪ್ಟನ್‌ಗಳೆಲ್ಲ ಹಾಗೇ ಅಂದುಕೊಳ್ಳಬೇಡಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಿದ್ದಾಗ ಒಳಗೆ 3711 ಜನ ಇದ್ದರು, ಅವರಲ್ಲಿ 712 ಜನರಿಗೆ ಕೊರೊನಾ ಬಂತು. ಕಿಟಕಿಯೂ ಇಲ್ಲದ ಕ್ಯಾಬಿನ್‌ಗಳಲ್ಲಿ ವಾರಗಟ್ಟಲೆ ಕೂತವರಿಗೆ ದಿನಾ ಕೇಳುತ್ತಿದ್ದದ್ದು ಕ್ಯಾಪ್ಟನ್ ಜೆನ್ನಾರೊ ಆರ್ಮಾ ಅವರ ದನಿ. ಮಾರ್ಚ್ 1ರಂದು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದವರು ಅವರೇ. ಆ ಹಡಗಿನಲ್ಲಿ ಅಡುಗೆ ಮಾಡಿ, ಊಟದ ಟ್ರೇ ಹೊತ್ತವರಲ್ಲಿ ನೂರಕ್ಕೂ ಹೆಚ್ಚು ಜನ ಭಾರತದವರು. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಕಾಯಿಲೆ ಅಂದಾಗ ನೆನಪಾಯ್ತು. ವಾಂತಿಭೇದಿ ತರುವ ನೊರೊ ವೈರಸ್ ಬಂದರೆ ಬಫೆಯಲ್ಲಿ ಚಮಚ ನಿಮ್ಮ ಕೈಗೆ ಕೊಡುವುದಿಲ್ಲ, ಹುಡುಗರೇ ಬಡಿಸುತ್ತಾರೆ. ನಮ್ಮ ಪಂಕ್ತಿ ಊಟದ ಹಾಗೆ. ಅಮೆರಿಕಕ್ಕೆ ಹೋಗುವ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಹೇಳದೆ ಕೇಳದೆ ಹತ್ತಿ ಸ್ವಚ್ಛತೆ ನೋಡಿ ನೂರಕ್ಕೆ ಅಂಕ ಹಾಕುತ್ತಾರೆ. 85 ಬಂದರೂ ಫೇಲ್. ನಮ್ಮ ಎಷ್ಟು ದರ್ಶಿನಿಗಳು ಪಾಸಾಗುತ್ತವೋ, ಆ ಮಾತು ಬೇಡ, ಇಲ್ಲಿಂದ ಹೊರಗೆ ಹೋದರೆ ನಾನೂ ಅಲ್ಲೇ ಕಾಫಿ ಕುಡಿಯಬೇಕು.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಒಂದು ಘಟನೆ ಹೇಳಿ ಬಿಡುತ್ತೇನೆ.

ಆ ಅಕ್ಕಿ ಬದಲಾದ ಹಡಗಿನಲ್ಲೇ ಮಲ್ಲೇಶ್ವರದ ಒಂದು ಕುಟುಂಬ ಬಂದಿತ್ತು. ಮಗ ಸೊಸೆ ಅಮೆರಿಕದವರು, ಜೊತೆಗೆ ಎಂಬತ್ತು ದಾಟಿದ ಅಜ್ಜಿ. ಮೊದಲ ಎರಡು ರಾತ್ರಿ ಅಜ್ಜಿ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಮಗ ‘ಅವರಿಗೆ ಇಷ್ಟೇ ಸಾಕು’ ಅನ್ನುತ್ತಿದ್ದರು. ಊಟದ ಹಾಲ್ ನೋಡಿಕೊಳ್ಳುವ ಮೇತ್ರ ಡಿ ಟರ್ಕಿಯವರು. ಅವರಿಗೆ ಸಮಾಧಾನ ಆಗಲಿಲ್ಲ. ಮೂರನೇ ದಿನ ನನ್ನ ಡೆಸ್ಕಿಗೆ ಫೋನ್ ಮಾಡಿ, ‘ನಿಮ್ಮ ಭಾಷೆಯವರು ಅಂತೆ, ಬಂದು ಕೇಳಿ’ ಅಂದರು. ಹೋದೆ. ಅಜ್ಜಿ ನನ್ನ ಕನ್ನಡ ಕೇಳಿ ಒಂದು ಕ್ಷಣ ಸುಮ್ಮನಿದ್ದರು. ‘ಬಿಸಿ ಅನ್ನ, ಮೊಸರು. ಸಿಗತ್ತೇನಪ್ಪ?’

ಪ್ರಯಾಣಿಕರ ಅಡುಗೆಮನೆಯಲ್ಲಿ ಉದುರುದುರು ಪಿಲಾಫ್ ಇತ್ತು, ಅಜ್ಜಿ ಕೇಳಿದ ಅನ್ನ ಇರಲಿಲ್ಲ. ಅದು ಇದ್ದದ್ದು ಕೆಳಗೆ, ಮೆಜೆಸ್ಟಿಕ್ ಪಕ್ಕದ ಮೆಸ್ಸಿನಲ್ಲಿ. ಮೆಸ್ಸಿನ ಊಟ ಪ್ರಯಾಣಿಕರಿಗೆ ಬಡಿಸುವ ಹಾಗಿಲ್ಲ. ಮೇತ್ರ ಡಿ ಶೆಫ್‌ಗೆ ಹೇಳಿದರು, ಶೆಫ್ ಹೋಟೆಲ್ ಡೈರೆಕ್ಟರ್‌ಗೆ ಹೇಳಿದರು. ಅವರು ಒಂದೇ ಮಾತು ಅಂದರಂತೆ, ‘ಅಕ್ಕಿ ಮೇಲೆ ತರಿಸಿ, ಹೊಸದಾಗಿ ಮಾಡಿ.’ ಅರ್ಧ ಗಂಟೆಯಲ್ಲಿ ಬೆಳ್ಳಿಯ ಮುಚ್ಚಳ ಹಾಕಿದ ತಟ್ಟೆ ಬಂತು. ಮೇತ್ರ ಡಿ ತಾವೇ ಮುಚ್ಚಳ ತೆಗೆದರು. ಪಕ್ಕದ ಬಟ್ಟಲಲ್ಲಿ ಮೊಸರು. ಮೊಸರಿನ ವಿಷಯದಲ್ಲಿ ಟರ್ಕಿಯವರಿಗೆ ತುಂಬಾ ಅಭಿಮಾನ, ಹಾಗಾಗಿ ಅವರು ಅಲ್ಲೇ ನಿಂತು ಕಾದರು.

ಅಜ್ಜಿ ಸ್ಪೂನ್ ಪಕ್ಕಕ್ಕಿಟ್ಟು ಕೈಯಲ್ಲೇ ಕಲಸಿದರು. ಎರಡು ತುತ್ತು ತಿಂದರು. ಏನಂದರು ಅಂತ ಮೇತ್ರ ಡಿ ನನ್ನ ಮುಖ ನೋಡಿದರು. ನಾನು ‘ಬಹಳ ಚೆನ್ನಾಗಿದೆಯಂತೆ’ ಅಂದೆ.

ಅಜ್ಜಿ ಅಂದಿದ್ದು, ‘ಅನ್ನ ಪರವಾಗಿಲ್ಲ. ಮೊಸರು ಇನ್ನೊಂಚೂರು ಹುಳಿ ಬರಬೇಕಿತ್ತು.’